ಅಬ್ಬಲೂರು ಗ್ರಾಮವೂ ಅದರ ಸೀಮೆಯೂ

ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿನಲ್ಲಿ ಅಬ್ಬಲೂರೆಂಬ ಒಂದು ಚಿಕ್ಕ ಗ್ರಾಮವಿರುವುದು. ಶಾಸನಗಳಲ್ಲಿ ಹೀಗೆ ಕಾಣಬರುವ ಈ ಹೆಸರು ಜನರ ಬಾಯಲ್ಲಿ ಸವೆದು ಈಗ ಅಬಲೂರೆಂದು ನಿಂತಿದೆ. ಇದು ಯಾವ ರಾಜವಂಶಕ್ಕೂ ರಾಜಧಾನಿಯಾಗಿದ್ದುದಲ್ಲ; ದೇಶದೇಶಗಳ ವರ್ತಕರು ನೆರೆಯುತ್ತಿದ್ದ ಪಟ್ಟಣವೂ ಅಲ್ಲ. ಒಕ್ಕಲುತನವೇ ಜೀವನವಾಗಿರುವ ಊರು. ಬಸವೇಶ್ವರನದೊಂದು, ಸೋಮೇಶ್ವರನದೊಂದು, ಹೀಗೆ ಎರಡು ಹಳೆಯ ದೇವಾಲಯಗಳು ಇದರ ಐಶ್ವರ್ಯ. ಆದರೂ ಹನ್ನೆರಡನೆಯ ಶತಮಾನದ ಶಿವಭಕ್ತಿಯ ಚರಿತ್ರೆಯನ್ನು ಬರೆಯಲು ಕೈಹಾಕಿದವರಲ್ಲಿ ಈ ಊರಿನ ಕಲ್ಲುಗಳ ಮುಂದೆ ನಿಲ್ಲದೆ ಮುಂದಕ್ಕೆ ಹೋದವರಿಲ್ಲ.

ಗ್ರಾಮವಿರುವ ಪ್ರದೇಶವು ಮಲೆನಾಡು ಮುಗಿದು ಬಯಲುನಾಡು ತೊಡಗುವ ಅಂಚಿನದು. ಪಶ್ಚಿಮಕ್ಕೆ ಹೋದಂತೆಲ್ಲ ಕಾಡೂ ಮಳೆಯೂ ಹೆಚ್ಚುವುವು. ಪೂರ್ವಕ್ಕೆ ಸರಿದಂತೆಲ್ಲ ಎರೆಯ ಹೊಲಗಳೂ ಜೋಳ ಹತ್ತಿಗಳ ಬೆಳೆಯೂ ಹೆಚ್ಚುವುವು. ನಡುವಣ ಈ ನೆಲದಲ್ಲಿ ಮಳೆಯ ನೀರನ್ನು ಕಟ್ಟಿ ನಿಲ್ಲಿಸಿಕೊಂಡವನಿಗೆ ಬತ್ತ, ಹರಿಯಗೊಟ್ಟವನಿಗೆ ಬರ. ಊರುಗಳ ಹೆಸರಿನಲ್ಲಿಯೇ ಕೆರೆ ಸೇರಿಕೊಂಡಿರುವುದಕ್ಕೆ ಇದೇ ಕಾರಣ. ಹಿರೇಕೆರೂರು, ಚಿಕ್ಕೇರೂರುಗಳನ್ನು ನೋಡಿದರೆ ಸಾಕು. ಹುಂಚದ ಕಡೆಯ ಬೆಟ್ಟಗಳಲ್ಲಿ ಹುಟ್ಟುವ ಕುಮುದ್ವತೀ ನದಿಯು ಶಿಕಾರಿಪುರದ ಸೀಮೆಯನ್ನು ಹಾದು, ಮಾಸೂರಿನ ಬಳಿ ಗುಡ್ಡಗಳ ನಡುವೆ ಮದಗದ ಕೆರೆಯಾಗಿ ನಿಂತು, ಅಲ್ಲಿಂದ ರಟ್ಟೀಹಳ್ಳಿಯ ಮೇಲೆ ಹರಿದು ತುಂಗಭದ್ರೆಯನ್ನು ಸೇರುವುದು. ವಿಜಯನಗರದ ಕಾಲದ ಆ ಕೆರೆಯ ಏರಿಯನ್ನು ಕಂಡವರಿಗೆ ಅಂದಿನ ಒಡ್ಡರ ಕೈಚಳಕವನ್ನು ಬೇರೆ ವರ್ಣಿಸಿ ಹೇಳಬೇಕಾಗಿಲ್ಲ. ಇತ್ತೀಚಿನ ದಶಕಗಳಲ್ಲಿ ಈ ಭಾಗದ ಹೊಲಗಳಲ್ಲಿ ಗೋವಿನಜೋಳವು ಬಹಳವಾಗಿ ಹಬ್ಬಿದೆಯಾದರೂ ಕೆರೆಯ ಕೆಳಗಿನ ಗದ್ದೆಗಳ ಕ್ರಮವು ಮೊದಲಿನದೇ.

ಪ್ರಾಚೀನ ಕಾಲದಲ್ಲಿ ಈ ನೆಲವೆಲ್ಲ ಬನವಾಸಿ ಪನ್ನಿರ್ಚ್ಛಾಸಿರದೊಳಗೆ ನಾಗರಖಂಡ ಎಪ್ಪತ್ತು ಎಂಬ ಚಿಕ್ಕ ನಾಡಿಗೆ ಸೇರಿತ್ತು. ಕ್ರಿ. ಶ. 941ರಲ್ಲಿ ವಿಕ್ರಮಾರ್ಜುನವಿಜಯವನ್ನು ರಚಿಸಿದ ಪಂಪನು ಬನವಾಸಿ ದೇಶವನ್ನು ನೆನೆನೆನೆದು ಕೊಂಡಾಡಿರುವುದು ಪ್ರಸಿದ್ಧವೇ ಇದೆ. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಈ ನಾಡಿನ ರಾಜಧಾನಿಯು ದಕ್ಷಿಣದ ಶಿಕಾರಿಪುರ ಸೀಮೆಯಲ್ಲಿರುವ ಬಳ್ಳಿಗಾವಿಯಾಗಿತ್ತು. ಅಬ್ಬಲೂರಿನಿಂದ ಅದು ಒಂದು ಹಗಲಿನ ನಡಿಗೆ. ಹಳ್ಳಿಯ ಚರಿತ್ರೆಯನ್ನು ತಿಳಿಯಬೇಕಾದರೆ ಮೊದಲು ಆ ಪಟ್ಟಣದ ಕಡೆಗೆ ಒಮ್ಮೆ ನೋಡಬೇಕಾಗುವುದು.

ಬಳ್ಳಿಗಾವಿಯಲ್ಲಿ ಹರಿ, ಹರ, ಬ್ರಹ್ಮ, ಜಿನ, ಬುದ್ಧ ಈ ಐವರ ಮಠಗಳೂ ಒಂದೇ ಊರಿನ ಗೋಡೆಗಳೊಳಗೆ ಇದ್ದುವು. 1065ರಲ್ಲಿ ಅಲ್ಲಿ ಬೌದ್ಧ ವಿಹಾರವೊಂದು ಎದ್ದಿತು. ದಕ್ಷಿಣದಲ್ಲಿ ಬೌದ್ಧ ಧರ್ಮವು ಬಹುಮಟ್ಟಿಗೆ ಮರೆಯಾಗಿದ್ದ ಕಾಲದಲ್ಲಿ ಇದು ಆಶ್ಚರ್ಯಕರವಾದ ಸಂಗತಿಯೇ ಸರಿ. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಉಳಿಯಾಡಿಸಿದ ದಾಸೋಜನು ಈ ಊರಿನವನು. ಎಲ್ಲಕ್ಕಿಂತ ಮಿಗಿಲಾದುದು ಕೇದಾರೇಶ್ವರನ ಸನ್ನಿಧಿಯಲ್ಲಿದ್ದ ಕೋಡಿಯಮಠ. ಕಾಳಾಮುಖ ಶೈವರ ಈ ಮಠವನ್ನು ಕುರಿತು 1162ರ ಶಾಸನವು ಕೊಡುವ ವರ್ಣನೆಯನ್ನು ಎಷ್ಟು ಸಲ ಓದಿದರೂ ತೃಪ್ತಿಯಾಗದು. ಅಲ್ಲಿ ನಾಲ್ಕು ವೇದಗಳ ಪಾಠ ನಡೆಯುತ್ತಿತ್ತು. ಪಾಣಿನೀಯವೇ ಮೊದಲಾದ ವ್ಯಾಕರಣಗಳು, ಷಡ್ದರ್ಶನಗಳು, ಲಾಕುಳ ಸಿದ್ಧಾಂತ, ಪಾತಂಜಲ ಯೋಗ, ಹದಿನೆಂಟು ಪುರಾಣಗಳು, ಕಾವ್ಯ ನಾಟಕಗಳು, ಇವೆಲ್ಲಕ್ಕೂ ಅದು ನೆಲೆಯಾಗಿತ್ತು. ದೀನರು, ಅನಾಥರು, ಕುರುಡರು, ಕಿವುಡರು ಅಲ್ಲಿ ಉಣ್ಣುತ್ತಿದ್ದರು. ರೋಗಿಗಳಿಗೆ ಔಷಧೋಪಚಾರವೂ, ಹೆದರಿ ಬಂದವರಿಗೆ ಅಭಯವೂ ದೊರೆಯುತ್ತಿದ್ದುವು. ಮಠದಲ್ಲಿ ವಿದ್ಯೆಯೂ ದಾಸೋಹವೂ ಒಂದಕ್ಕೊಂದು ಹೆಗಲಾಗಿರಬೇಕೆಂಬ ಪದ್ಧತಿಯು ಕನ್ನಡ ನಾಡಿಗೆ ನಿನ್ನೆ ಮೊನ್ನೆ ಬಂದುದಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅದೇ 1162ರಲ್ಲಿ ಕಳಚುರ್ಯ ಬಿಜ್ಜಳನು ದಕ್ಷಿಣ ದಿಕ್ಕಿನ ವಿಜಯಕ್ಕೆಂದು ಬಂದು ಬಳ್ಳಿಗಾವಿಯಲ್ಲಿ ಬೀಡುಬಿಟ್ಟಾಗ ಈ ಮಠದ ವಾಮಶಕ್ತಿ ಪಂಡಿತರಿಗೆ ದತ್ತಿಯನ್ನು ಬಿಟ್ಟನು.

ಅಲ್ಲಮಪ್ರಭುದೇವರು ಹುಟ್ಟಿ ಮದ್ದಳೆಯನ್ನು ನುಡಿಸಿದ ಊರು ಈ ಬಳ್ಳಿಗಾವಿಯೇ ಎಂದು ಹರಿಹರನ ರಗಳೆಯಿಂದ ತಿಳಿದುಬರುವುದು. ಅಕ್ಕಮಹಾದೇವಿಯ ಉಡುತಡಿಯೂ ಅದರ ನೆರೆಯಲ್ಲಿದೆ. ಶರಣೆ ಸತ್ಯಕ್ಕನ ಜಂಬೂರೂ ಅದೇ ಸೀಮೆಯದೆಂದು ಪ್ರತೀತಿ. ಎತ್ತಿನ ಗಾಡಿಯಲ್ಲಿ ಎರಡು ದಿನಗಳಲ್ಲಿ ಸುತ್ತಿ ಬರಬಹುದಾದ ನೆಲದಲ್ಲಿ ಇಷ್ಟು ಮಂದಿ ಶರಣರ ಜನ್ಮಸ್ಥಾನಗಳು ಕೂಡಿರುವುದು ಯದೃಚ್ಛೆಯಿಂದ ಆದುದಾಗಿರಲಾರದು. ಒಂದೂವರೆ ಶತಮಾನದಷ್ಟು ಕಾಲ ಶೈವ ವಿದ್ಯೆಯೂ ಪರಮತಗಳೊಡನೆ ವಾದವೂ ನಡೆದ ನೆಲವು ಇಂತಹ ಫಲವನ್ನು ಕೊಡುವುದು ಸಹಜವೇ ಆಗಿದೆ.

ಈ ಮಂಡಲದ ಒಳಗಿನ ಹಳ್ಳಿಯಾದುದರಿಂದ ಅಬ್ಬಲೂರಿಗೂ ಬಳ್ಳಿಗಾವಿಯ ಗಾಳಿ ಬೀಸಿತ್ತು. ಈಗ ಬಸವೇಶ್ವರ ದೇವಾಲಯವೆಂದು ಕರೆಯಲ್ಪಡುವ ಗುಡಿಯ ಮೊದಲ ಹೆಸರು ಬ್ರಹ್ಮೇಶ್ವರ. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯ 1101 ಮತ್ತು 1104ರ ಬರಹಗಳು ಅಲ್ಲಿವೆ. ಗುಡಿಯು ಕಾಳಾಮುಖ ಆಚಾರ್ಯರ ಕೈಯಲ್ಲಿತ್ತೆಂದೂ, ಅವರು ಬಳ್ಳಿಗಾವಿಯ ಆಚಾರ್ಯರಂತೆಯೇ ಶಕ್ತಿಪರ್ಷೆಗೆ ಸೇರಿದವರೆಂದೂ ಅವುಗಳಿಂದ ಗೊತ್ತಾಗುವುದು. ಅದೇ ಊರಿನಲ್ಲಿ ಜೈನರ ಬಸದಿಯೊಂದು ಇತ್ತು. ಊರ ಗಾವುಂಡನು ಜಿನಭಕ್ತನಾಗಿದ್ದನು. ಬಿಜ್ಜಳನ ಕಾಲದ ಆ ಘಟನೆಗೆ ಮೊದಲು ಗುಡಿಯವರಿಗೂ ಬಸದಿಯವರಿಗೂ ಕಲಹವಾದಂತೆ ಅಬ್ಬಲೂರಿನ ಶಾಸನಗಳು ಹೇಳುವುದಿಲ್ಲ. ಗುಡಿಯ ಗಂಟೆಯನ್ನೂ ಬಸದಿಯ ಗಂಟೆಯನ್ನೂ ಒಂದೇ ಕೆರೆಯ ನೀರು ಕುಡಿದ ಜನರು ಕೇಳುತ್ತಿದ್ದರು.

ಇಂತಹ ಊರಿಗೆ ಏಕಾಂತದ ರಾಮಯ್ಯನು ಬಂದನು. ಸೋಮೇಶ್ವರ ದೇವಾಲಯದ ದೊಡ್ಡ ಶಾಸನವು ಈತನ ಕಥೆಯನ್ನು ಸವಿಸ್ತಾರವಾಗಿ ನಿರೂಪಿಸಿರುವುದು. ಅದರಲ್ಲಿ ಕಾಲದ ನಿರ್ದೇಶವಿಲ್ಲ. ಹಾನಗಲ್ಲ ಕದಂಬರ ಕಾಮದೇವನ ದತ್ತಿಯವರೆಗಿನ ಸಂಗತಿಗಳು ಬರುವುದರಿಂದ ಸುಮಾರು 1200ರದೆಂದು ವಿದ್ವಾಂಸರು ನಿಶ್ಚಯಿಸಿದ್ದಾರೆ. ಅಂದರೆ ನಡೆದ ಸಂಗತಿಗೂ ಬರೆದ ಕಾಲಕ್ಕೂ ಒಂದು ತಲೆಮಾರಿಗಿಂತ ಹೆಚ್ಚಿನ ಅಂತರವಿಲ್ಲ. ಪುರಾಣಕಾವ್ಯಗಳೆಲ್ಲ ಇದಕ್ಕಿಂತ ಈಚಿನವು.

ರಾಮಯ್ಯನು ಅಳಂದೆಯವನು, ಈಗ ಕಲಬುರಗಿ ಜಿಲ್ಲೆಯಲ್ಲಿರುವ ಆಳಂದವೇ ಅದು. ತಂದೆ ಪುರುಷೋತ್ತಮಭಟ್ಟ, ತಾಯಿ ಪದ್ಮಾಂಬಿಕೆ, ಇಬ್ಬರೂ ಶಿವಭಕ್ತರು. ಅನ್ಯ ದೈವವನ್ನು ಮನಸ್ಸಿಗೂ ತಾರದೆ ಶಿವನೊಬ್ಬನಲ್ಲಿಯೇ ನೆಟ್ಟ ಭಕ್ತಿಯಿಂದ ಆತನಿಗೆ ‘ಏಕಾಂತದ’ ಎಂಬ ವಿಶೇಷಣವು ಬಂದಿತು. ಶಿವಕ್ಷೇತ್ರಗಳನ್ನು ಸುತ್ತುತ್ತ ಹುಲಿಗೆರೆಗೆ, ಎಂದರೆ ಇಂದಿನ ಲಕ್ಷ್ಮೇಶ್ವರಕ್ಕೆ ಬಂದಾಗ ಅಲ್ಲಿಯ ಸೋಮನಾಥನು ಅಬ್ಬಲೂರಿಗೆ ಹೋಗೆಂದು ಅಪ್ಪಣೆಯಿತ್ತನೆಂದು ಶಾಸನವು ಹೇಳುವುದು. ಇದೇ ಹುಲಿಗೆರೆಯ ಸೋಮನಾಥನನ್ನು ಪ್ರತಿಷ್ಠಿಸಿದ ಆದಯ್ಯನ ಕಥೆಯಲ್ಲಿಯೂ ಜೈನರೊಡನೆ ವಾದವೂ ಬಸದಿಯ ಭಂಗವೂ ಬರುವುದನ್ನು ಹರಿಹರನ ರಗಳೆಯನ್ನು ಓದಿದವರು ಬಲ್ಲರು. ಆ ಕ್ಷೇತ್ರದಿಂದ ಒಂದು ಕಿಡಿಯು ಹಾರಿ ಅಬ್ಬಲೂರಿನಲ್ಲಿ ಬಿದ್ದಿತೆಂದರೆ ತಪ್ಪಾಗಲಾರದು.

ರಾಮಯ್ಯನು ಬ್ರಹ್ಮೇಶ್ವರನ ಗುಡಿಯಲ್ಲಿದ್ದು ಶಿವಪೂಜೆಯಲ್ಲಿ ತೊಡಗಿರಲು, ಸಂಕಗಾವುಂಡನೂ ಅವನ ಕಡೆಯ ಜೈನರೂ ಬಂದು ಜಿನನೇ ದೇವನೆಂದು ವಾದಕ್ಕೆ ನಿಂತರು. ಮಾತು ಬೆಳೆದು ಪಣಕ್ಕೆ ಮುಟ್ಟಿತು. ತನ್ನ ತಲೆಯನ್ನು ಅರಿದು ಶಿವನಿಗೆ ಒಪ್ಪಿಸಿ ಮರಳಿ ಪಡೆದರೆ ಏನು ಮಾಡುವಿರೆಂದು ರಾಮಯ್ಯನು ಕೇಳಲು, ಜಿನನನ್ನು ಕಿತ್ತು ಶಿವನನ್ನು ನಿಲ್ಲಿಸುವೆವೆಂದು ಅವರೆಂದರು. ಬರಿಯ ಮಾತು ಸಾಲದೆಂದು ರಾಮಯ್ಯನು ಓಲೆಯನ್ನು ಬರೆಯಿಸಿಕೊಂಡನು. ಬಳಿಕ ತಲೆಯನ್ನು ಅರಿದುಕೊಂಡನು. ಏಳನೆಯ ದಿನ ಶಿವನ ಕೃಪೆಯಿಂದ ಅದನ್ನು ಗಾಯದ ಗುರುತೂ ಇಲ್ಲದಂತೆ ಪಡೆದನು. ಓಲೆಯನ್ನು ಕೊಟ್ಟವರು ಮಾತಿಗೆ ತಪ್ಪಿದರು. ಬಸದಿಯ ಸುತ್ತ ಆಳುಕುದುರೆಗಳನ್ನು ಕಾವಲು ನಿಲ್ಲಿಸಿದರು. ರಾಮಯ್ಯನು ಅವರೊಡನೆ ಕಾದಿ ಗೆದ್ದು, ಜಿನಬಿಂಬವನ್ನು ಒಡೆದು, ಅಲ್ಲಿ ಲಿಂಗವನ್ನು ಪ್ರತಿಷ್ಠಿಸಿದನು.

ಜೈನರು ಬಿಜ್ಜಳನಲ್ಲಿಗೆ ದೂರು ಒಯ್ದರು. ಅರಸನು ರಾಮಯ್ಯನನ್ನು ಕರೆಯಿಸಿ ಕೇಳಲು ಆತನು ಓಲೆಯನ್ನು ತೋರಿಸಿ, ಹುಲಿಗೆರೆಯ ಆನೆಸೆಜ್ಜೆಯ ಬಸದಿಯೇ ಮೊದಲಾದ ಬಸದಿಗಳನ್ನು ಇವರು ಪಣವಾಗಿ ಒಡ್ಡುವುದಾದರೆ ಮತ್ತೊಮ್ಮೆ ತಲೆಯನ್ನು ಅರಿದು ತೋರಿಸುವೆನೆಂದನು. ಇದ್ದ ಬಸದಿಗಾಗಿ ದೂರಲು ಬಂದವರು ಉಳಿದ ಬಸದಿಗಳನ್ನು ಒಡ್ಡಲು ಒಪ್ಪಲಿಲ್ಲ. ಬಿಜ್ಜಳನು ನಕ್ಕು, ಇನ್ನು ಮಾತಾಡದೆ ಹೋಗಿ ಸುಮ್ಮನೆ ಬಾಳಿರೆಂದು ಅವರನ್ನು ಕಳುಹಿಸಿ, ಸಭೆಯಲ್ಲಿ ರಾಮಯ್ಯನಿಗೆ ಜಯಪತ್ರವನ್ನು ಕೊಟ್ಟನು. ವೀರಸೋಮನಾಥ ದೇವರಿಗೆ ಗೋಗಾವೆ ಎಂಬ ಗ್ರಾಮವನ್ನು ಧಾರೆಯೆರೆದನು. ಕಳಚುರ್ಯರ ಬಳಿಕ ಚಾಲುಕ್ಯರ ಆಳ್ವಿಕೆಯನ್ನು ಸ್ವಲ್ಪ ಕಾಲ ಎತ್ತಿಹಿಡಿದ ನಾಲ್ಕನೆಯ ಸೋಮೇಶ್ವರನು, ತನ್ನ ದಂಡನಾಯಕ ಬ್ರಹ್ಮನೊಡನೆ ಶಿವಭಕ್ತರ ಚರಿತ್ರೆಯನ್ನು ಕೇಳುತ್ತಿದ್ದಾಗ ಈ ವೃತ್ತಾಂತವನ್ನು ತಿಳಿದು, ರಾಮಯ್ಯನನ್ನು ಅರಮನೆಗೆ ಬರಮಾಡಿಕೊಂಡು ಅಬ್ಬಲೂರನ್ನೇ ದತ್ತಿಯಾಗಿ ಕೊಟ್ಟನು. ಆಮೇಲೆ ಕಾಮದೇವನು ತಾನೇ ಗುಡಿಗೆ ಬಂದು, ಪಾನುಂಗಲ್ ಐನೂರರೊಳಗಿನ ಮಲ್ಲವಳ್ಳಿಯನ್ನು ಬಿಟ್ಟನು. ಪರಸ್ಪರ ವೈರಿಗಳಾಗಿದ್ದ ಎರಡು ಮನೆತನಗಳೂ ಅವರ ಸಾಮಂತನೂ ಒಬ್ಬ ಜಂಗಮನ ಗುಡಿಗೆ ಒಬ್ಬರಾದ ಮೇಲೊಬ್ಬರು ಊರುಗಳನ್ನು ಕೊಟ್ಟರೆಂಬುದು ವಿಚಾರಾರ್ಹವಾದ ಅಂಶ.

ಶಾಸನವಲ್ಲದೆ ಸೋಮೇಶ್ವರ ದೇವಾಲಯದಲ್ಲಿ ಕೆತ್ತನೆಯ ಪಟ್ಟಿಕೆಗಳೂ ಇವೆ. ಬ್ರಹ್ಮೇಶ್ವರನ ಗುಡಿಯಲ್ಲಿ ರಾಮಯ್ಯನು ತಲೆಯನ್ನು ಅರಿದು ಪಡೆದ ಸ್ಥಳ ಇದು, ಸಂಕಗಾವುಂಡನ ಆಳುಕುದುರೆಗಳನ್ನು ಗೆದ್ದು ಲಿಂಗವನ್ನು ಪ್ರತಿಷ್ಠೆ ಮಾಡಿದ ಸ್ಥಳ ಇದು, ಎಂದು ಅವುಗಳ ಕೆಳಗೆ ಒಂದೆರಡು ಸಾಲಿನ ಬರಹಗಳಿವೆ. ದೊಡ್ಡ ಶಾಸನದ ವೃತ್ತಕಂದಗಳನ್ನು ಓದಲಾರದ ಒಕ್ಕಲಿಗನೂ ಚಿತ್ರವನ್ನು ನೋಡಿ ಕಥೆಯನ್ನು ತಿಳಿಯಲೆಂದು ಈ ಏರ್ಪಾಡು. ಕನ್ನಡ ನಾಡಿನ ದೇವಾಲಯಗಳಲ್ಲಿ ರಾಮಾಯಣ ಭಾರತಗಳ ಪಟ್ಟಿಕೆಗಳು ಹೇರಳವಾಗಿವೆ. ಅದೇ ಊರಿನಲ್ಲಿ, ಕಣ್ಣಮುಂದಿನ ಕಾಲದಲ್ಲಿ ನಡೆದ ಸಂಗತಿಯನ್ನು ಹೆಸರು ಬರೆದು ಕೆತ್ತಿಸಿದ ಪಟ್ಟಿಕೆಗಳು ವಿರಳ.

ಇನ್ನು ಈ ವೃತ್ತಾಂತವನ್ನು ಹೇಗೆ ಓದತಕ್ಕದ್ದೆಂಬ ಪ್ರಶ್ನೆಯು ಏಳುವುದು. ತಲೆಯನ್ನು ಅರಿದು ಪಡೆದ ಪವಾಡವು ಶ್ರದ್ಧೆಯ ವಿಷಯ. ಅದನ್ನು ತಕ್ಕಡಿಯಲ್ಲಿ ತೂಗುವುದು ಚರಿತ್ರಕಾರನ ಕೆಲಸವಲ್ಲ. ಆದರೆ ಬಸದಿಯಿತ್ತು, ಅದು ಒಡೆಯಲ್ಪಟ್ಟಿತು, ದೂರು ಅರಸನವರೆಗೆ ಹೋಯಿತು, ತೀರ್ಪು ಒಂದು ಕಡೆಗೆ ಆಯಿತು, ಊರುಗಳು ಉಂಬಳಿಯಾದುವು, ಇಷ್ಟು ಮಾತ್ರ ಚರಿತ್ರೆಯೆಂದು ಒಪ್ಪಲು ಅಡ್ಡಿಯಿಲ್ಲ. ಇದರ ಜೊತೆಗೆ ಮತ್ತೊಂದನ್ನೂ ಒಪ್ಪಬೇಕಾಗುವುದು. ಶಾಸನವನ್ನು ಬರೆಯಿಸಿದವರು ಗೆದ್ದವರು. ಸಂಕಗಾವುಂಡನ ಮಾತು ಯಾವ ಕಲ್ಲಿನಲ್ಲಿಯೂ ಉಳಿದಿಲ್ಲ. ಅವನು ಓಲೆಯನ್ನು ಮನಃಪೂರ್ವಕವಾಗಿ ಕೊಟ್ಟನೋ, ನೆರೆದ ಜನರ ನಡುವೆ ಬಾಯಿಜಾರಿ ಕೊಟ್ಟನೋ, ತಲೆತಲಾಂತರದಿಂದ ತನ್ನ ಮನೆಯವರು ಪೂಜಿಸಿದ ಬಿಂಬವು ಒಡೆದು ಬಿದ್ದುದನ್ನು ಕಂಡು ಏನೆಂದನೋ, ಕೇಳುವ ದಾರಿಯಿಲ್ಲ. ಒಂದೇ ಊರಿನ ಜನರ ನಡುವೆ ಬಿದ್ದ ಈ ಬಿರುಕನ್ನು ಬರಿಯ ವಿಜಯದ ಕಥೆಯೆಂದು ಹಿಗ್ಗಿ ಓದುವುದು ಸಲ್ಲದು. ದಯೆಯನ್ನೇ ಧರ್ಮದ ಬೇರೆಂದು ನಂಬಿದ ಶರಣಪರಂಪರೆಯ ಮಕ್ಕಳಿಗಂತೂ ಸಲ್ಲದು.

ಈ ಒಂದು ಘಟನೆಯಿಂದ ನಾಗರಖಂಡದ ಜೈನರೆಲ್ಲ ಅಳಿದುಹೋದರೆಂದು ತಿಳಿಯುವುದೂ ಸರಿಯಲ್ಲ. ಇದೇ ನಾಡಿನ ಬಂದಳಿಕೆಯಲ್ಲಿ ಶಾಂತಿನಾಥನ ಬಸದಿಯು 1200ರ ಸುಮಾರಿನಲ್ಲಿಯೇ ಜೀರ್ಣೋದ್ಧಾರವಾಗಿ ದತ್ತಿಗಳನ್ನು ಪಡೆಯುತ್ತಿತ್ತು. ಅಬ್ಬಲೂರಿನ ಶಾಸನದ ಅಕ್ಷರಗಳನ್ನು ಕೆತ್ತುತ್ತಿದ್ದ ಕಾಲವೂ ಹೆಚ್ಚುಕಡಿಮೆ ಅದೇ. ಕಾಳಾಮುಖರ ಗತಿಯು ಇನ್ನೂ ಬೇರೆ ಬಗೆಯದು. ಅವರನ್ನು ಯಾರೂ ಕಾದಿ ಗೆಲ್ಲಲಿಲ್ಲ. ಬ್ರಹ್ಮೇಶ್ವರನ ಗುಡಿಗೆ ಬಸವೇಶ್ವರನ ಹೆಸರು ಬಂದಂತೆ ಅವರ ಸ್ಥಾನಗಳು ಅನೇಕ ಕಡೆಗಳಲ್ಲಿ ಮೆಲ್ಲಮೆಲ್ಲನೆ ವೀರಶೈವರ ಕೈಗೆ ಬಂದುವು. ಗದ್ದಲದಿಂದ ಆದ ಬದಲಾವಣೆಯನ್ನು ಕಲ್ಲಿನಲ್ಲಿ ಬರೆದರು. ಸದ್ದಿಲ್ಲದೆ ಆದ ಈ ದೊಡ್ಡ ಬದಲಾವಣೆಯನ್ನು ಊರಿನ ಜನರು ಗುಡಿಯ ಹೆಸರಿನಲ್ಲಿ ಮಾತ್ರ ಉಳಿಸಿಕೊಂಡರು.

ಅಬ್ಬಲೂರಿನ ಶಾಸನಗಳನ್ನು ಮೊದಲು ಶಾಸ್ತ್ರೀಯವಾಗಿ ಪರಿಷ್ಕರಿಸಿ ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ, 1898-99ರಲ್ಲಿ, ಪ್ರಕಟಿಸಿದವರು ಜೆ. ಎಫ್. ಫ್ಲೀಟ್ ಎಂಬ ಆಂಗ್ಲ ವಿದ್ವಾಂಸರು. ಮುಂಬಯಿ ಇಲಾಖೆಯ ಅಧಿಕಾರಿಗಳಾಗಿದ್ದ ಇವರು ಕನ್ನಡ ಜಿಲ್ಲೆಗಳ ಇತಿಹಾಸಕ್ಕೆ ಮಾಡಿದ ಉಪಕಾರವು ದೊಡ್ಡದು. ಆದರೆ ಅಬ್ಬಲೂರಿನ ಶಾಸನವು ಬೆಳಕಿಗೆ ಬಂದುದರಿಂದ ಒಂದು ತೊಡಕೂ ಉಂಟಾಯಿತು. ಬಿಜ್ಜಳನ ಕಾಲದ ಶಿವಭಕ್ತಿಯ ಕ್ರಾಂತಿಯನ್ನು ಇಷ್ಟು ವಿಸ್ತಾರವಾಗಿ ಹೇಳುವ ಶಾಸನದಲ್ಲಿ ರಾಮಯ್ಯನ ಹೆಸರಿದೆ, ಬಿಜ್ಜಳನ ಮಂತ್ರಿಯೆಂದು ಪ್ರಸಿದ್ಧನಾದ ಬಸವಣ್ಣನ ಹೆಸರಿಲ್ಲ. ಅಂದಿಗೆ ಬಸವಣ್ಣನನ್ನು ಹೆಸರಿಸುವ ಪ್ರಾಚೀನ ಶಾಸನಗಳು ವಿದ್ವಾಂಸರ ಕೈಗೆ ಬಂದಿರಲಿಲ್ಲ. ಹೀಗಾಗಿ ಧರ್ಮೋದ್ಧಾರದ ನಿಜವಾದ ನಾಯಕನು ರಾಮಯ್ಯನೇ ಇರಬಹುದೆಂದೂ, ಬಸವಣ್ಣನ ಕಥೆಯಲ್ಲಿ ಪುರಾಣವೇ ಹೆಚ್ಚೆಂದೂ ಕೆಲವರು ತರ್ಕಿಸತೊಡಗಿದರು. ಒಂದು ಸಣ್ಣ ಹಳ್ಳಿಯ ಕಲ್ಲಿನ ಮೌನವನ್ನು ಹಿಡಿದು ಇಡೀ ಸಮಾಜದ ಗುರುವಿನ ಇರವನ್ನೇ ಸಂದೇಹಿಸುವವರೆಗೆ ವಾದವು ಬೆಳೆಯಿತು.

ಈ ಸಂದೇಹವನ್ನು ಕಳೆದುದೂ ಮತ್ತೊಂದು ಹಳ್ಳಿಯ ಕಲ್ಲೇ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ ದೊರೆತ, ಸೇವುಣ ಕನ್ನರನ ಕಾಲದ 1260ರ ಶಾಸನವು ಸಂಗನ ಬಸವನನ್ನೂ ಅವನ ಅಣ್ಣ ದೇವರಾಜಮುನಿಯನ್ನೂ ಅವರ ವಂಶದ ಹಾಲಬಸವಿದೇವನನ್ನೂ ಹೆಸರಿಸುವುದು. ಬಸವಣ್ಣನು ಲಿಂಗೈಕ್ಯನಾಗಿ ನೂರು ವರ್ಷಗಳೂ ತುಂಬದ ಕಾಲದಲ್ಲಿ ಅವನ ಅಣ್ಣನ ವಂಶದವರಿಗೇ ಕೊಟ್ಟ ದತ್ತಿಯಿದಾದುದರಿಂದ ವಾದಕ್ಕೆ ಎಡೆಯೇ ಉಳಿಯಲಿಲ್ಲ. ಅಬ್ಬಲೂರಿನ ಕಲ್ಲು ಬಸವಣ್ಣನನ್ನು ಹೇಳದಿರುವುದಕ್ಕೆ ಕಾರಣವೂ ಸರಳವಾಗಿದೆ. ಅದು ವೀರಸೋಮನಾಥನ ಗುಡಿಗೆ ಬಂದ ಭೂಮಿಯ ದಾಖಲೆ. ಕಲ್ಯಾಣದ ಚರಿತ್ರೆಯನ್ನು ಹೇಳುವುದು ಅದರ ಉದ್ದೇಶವಲ್ಲ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ, ಅದನ್ನನುಸರಿಸಿ 1369ರಲ್ಲಿ ಭೀಮಕವಿಯು ರಚಿಸಿದ ಕನ್ನಡ ಬಸವಪುರಾಣದಲ್ಲಿಯೂ ರಾಮಯ್ಯನ ಕಥೆಯು ಬಸವಣ್ಣನ ಚರಿತ್ರೆಯೊಳಗೆ ಹೆಣೆದುಕೊಂಡಿರುವುದು. ಊರ ಕಲ್ಲು ತನ್ನ ಊರನ್ನು ನೆನೆಯಿತು, ಕವಿಗಳು ಗಣಸಮೂಹವನ್ನೆಲ್ಲ ನೆನೆದರು. ಒಂದರಿಂದ ಮತ್ತೊಂದನ್ನು ಹೊಡೆಯಲು ಹೋದವರು ಎರಡನ್ನೂ ತಿಳಿಯದೆ ಹೋದರು.

ಕಾಲಾಂತರದಲ್ಲಿ ಅಬ್ಬಲೂರಿಗೆ ಇನ್ನೊಂದು ಕೀರ್ತಿಯೂ ಸೇರಿಕೊಂಡಿತು. ತ್ರಿಪದಿಗಳ ಕವಿ ಸರ್ವಜ್ಞನ ತಂದೆ ಮಾಸೂರಿನ ಬಸವರಸ, ತಾಯಿ ಕುಂಬಾರರ ಮಾಳಿ, ಹುಟ್ಟಿದುದು ಅಂಬಲೂರಿನಲ್ಲಿ ಎಂದು ಅವನ ಹೆಸರಿನಲ್ಲಿ ಹೇಳಿಕೆಯುಂಟು. ಆ ಅಂಬಲೂರು ಈ ಅಬ್ಬಲೂರೇ ಎಂಬುದು ಈ ಭಾಗದ ಜನರ ದೃಢವಾದ ನಂಬಿಕೆ. ಅವನ ಕಾಲದ ವಿಷಯದಲ್ಲಿ ಪಂಡಿತರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಹದಿನಾರು ಹದಿನೇಳನೆಯ ಶತಮಾನಗಳ ಆಸುಪಾಸಿನವನೆಂದು ಬಹುಮಂದಿ ಹೇಳುವರು. ಊರೂರು ತಿರುಗಿ, ಭಿಕ್ಷವನ್ನುಂಡು, ಜಾತಿಯ ಹೆಮ್ಮೆಯನ್ನೂ ಡಾಂಭಿಕರ ಜಪತಪಗಳನ್ನೂ ಹಳಿದ ಈ ಶೈವ ವಿರಕ್ತನ ನುಡಿಗಳು ಬಹುಕಾಲ ಜನರ ಬಾಯಲ್ಲಿಯೂ ಚದರಿದ ತಾಳೆಯೋಲೆಗಳಲ್ಲಿಯೂ ಉಳಿದಿದ್ದುವು. ಅವುಗಳನ್ನು ಹಳ್ಳಿಹಳ್ಳಿ ಸುತ್ತಿ ಕೂಡಿಸಿ, ಪಾಠಗಳನ್ನು ಹೋಲಿಸಿ, 1924ರಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟಿಸಿದವರು ಉತ್ತಂಗಿ ಚನ್ನಪ್ಪನವರು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಇವರು ಧರ್ಮದಿಂದ ಕ್ರೈಸ್ತರು, ವೃತ್ತಿಯಿಂದ ಬಾಸೆಲ್ ಮಿಶನ್ನಿನ ಪಾದ್ರಿಗಳಾಗಿದ್ದರು.